ಗಿಡ್ಡ ಕಾಲಿನ ಲೆಕ್ಕ

ನಮ್ಮ ಮನೆಗೆ ಬಂದವರು ಅಂಗಳದಲ್ಲಿ ಓಡಾಡುವ ನನ್ನ ಕೋಳಿಗಳನ್ನು ನೋಡಿ ಸಾಮಾನ್ಯವಾಗಿ ಮೂರು ಪ್ರಶ್ನೆ ಕೇಳುತ್ತಾರೆ. ಇದು ಮರಿಯಾ? ಇದರ ಕಾಲಿಗೆ ಏನಾಗಿದೆ? ಕೊಯ್ದರೆ ಎಷ್ಟು ಮಾಂಸ ಸಿಗುತ್ತದೆ? ಪಕ್ಕದ ಮನೆಯ ಅಣ್ಣ ಇನ್ನೂ ಮುಂದೆ ಹೋಗಿ, "ಈ ಹುಂಜನನ್ನು ಕೋಳಿ ಅಂಕಕ್ಕೆ ಬಿಡುವ, ಆಗದಾ?" ಎಂದು ನಗುತ್ತಾರೆ. ಅಂಕದ ಹುಂಜ ಎದ್ದು ನಿಂತರೆ ನಮ್ಮವನು ಅದರ ಕಾಲುಗಳ ನಡುವಿನಿಂದ ದಾಟಿ ಆಚೆ ಹೋಗಿಯಾನು.

ಇವು ಮರಿಗಳಲ್ಲ, ಕಾಲಿಗೆ ಏನೂ ಆಗಿಲ್ಲ. ಇವು ಜಪಾನೀಸ್ ಬ್ಯಾಂಟಂ ಕೋಳಿಗಳು. ಪೂರ್ತಿ ಬೆಳೆದ ಹುಂಜ ತೂಗುವುದು ಅರ್ಧ ಕಿಲೋಗಿಂತ ಸ್ವಲ್ಪ ಹೆಚ್ಚು, ಹೇಂಟೆ ಅದಕ್ಕಿಂತ ಕಡಿಮೆ. ಬಾಲ ನೆಟ್ಟಗೆ ಮೇಲೆದ್ದು ತಲೆಯನ್ನೂ ಮೀರಿ ನಿಂತಿರುತ್ತದೆ, ರೆಕ್ಕೆಯ ತುದಿ ನೆಲ ಸವರುತ್ತದೆ, ಕಾಲುಗಳು ಇವೆಯೋ ಇಲ್ಲವೋ ಎನ್ನುವಷ್ಟು ಗಿಡ್ಡ. ದೂರದಿಂದ ನೋಡಿದರೆ ಸಣ್ಣ ಹಾಯಿದೋಣಿ ಅಂಗಳದಲ್ಲಿ ತೇಲಿದ ಹಾಗೆ ಕಾಣುತ್ತದೆ.

ಬ್ಯಾಂಟಂ ಎನ್ನುವುದು ಒಂದು ತಳಿಯ ಹೆಸರಲ್ಲ, ಗಾತ್ರದ ಹೆಸರು. ಇಂಡೋನೇಷ್ಯಾದ ಜಾವಾ ದ್ವೀಪದ ಪಶ್ಚಿಮ ತುದಿಯಲ್ಲಿ ಬಂತೆನ್ ಎಂಬ ಹಳೆಯ ಬಂದರು ಇದೆ. ಸುಲ್ತಾನರ ಆಳ್ವಿಕೆಯಲ್ಲಿ ಅದು ಕರಿಮೆಣಸಿನ ದೊಡ್ಡ ಪೇಟೆಯಾಗಿತ್ತು. 1596ರಲ್ಲಿ ಡಚ್ಚರ ಹಡಗುಗಳು ಅಲ್ಲಿಗೆ ತಲುಪಿದವು, ಕೆಲವೇ ವರ್ಷಗಳಲ್ಲಿ ಇಂಗ್ಲಿಷರ ಕಂಪನಿಯೂ ಬಂತು. ಆ ಕಡೆಯ ಸಣ್ಣ ಕೋಳಿಗಳನ್ನು ಕಂಡ ಯುರೋಪಿನವರು ಬಂದರಿನ ಹೆಸರನ್ನೇ ಅವುಗಳಿಗೆ ಇಟ್ಟರು. ಈಗ ಯಾವ ದೇಶದ ಪುಟ್ಟ ಕೋಳಿಯಾದರೂ ಬ್ಯಾಂಟಂ. ಕೆಲವು ದೊಡ್ಡ ತಳಿಗಳನ್ನು ಗಿಡ್ಡ ಮಾಡಿ ಪಡೆದವು, ಕೆಲವಕ್ಕೆ ದೊಡ್ಡ ರೂಪವೇ ಇಲ್ಲ. ನಮ್ಮದು ಎರಡನೆಯ ಬಗೆ. ಜಪಾನಿನಲ್ಲಿ ಇದನ್ನು 'ಚಾಬೋ' ಎನ್ನುತ್ತಾರೆ. ಈಗಿನ ವಿಯೆಟ್ನಾಮಿನ ಭಾಗದಲ್ಲಿದ್ದ ಚಂಪಾ ರಾಜ್ಯದ ಹೆಸರಿನಿಂದ ಈ ಮಾತು ಬಂತಂತೆ. ಮೆಣಸಿನ ವ್ಯಾಪಾರದ ದಾರಿಯಲ್ಲೇ ನಮ್ಮ ಕರಾವಳಿಯೂ ಇತ್ತಲ್ಲ, ಹಾಗಾಗಿ ಈ ಕೋಳಿಗಳು ನಮಗೆ ಪೂರ್ತಿ ಹೊರಗಿನವು ಎಂದು ನನಗೆ ಅನಿಸುವುದಿಲ್ಲ.

ಪೆರ್ನಾಲ್‌ಗೆ ಸಿಕ್ಕಿದ ಹಣ ಒಟ್ಟು ಮಾಡಿ ಪೇಟೆಯ ಒಂದು ಅಂಗಡಿಯಿಂದ ಜೋಡಿಯೊಂದನ್ನು ತಂದಾಗ ಅಜ್ಜಿ ತಕ್ಷಣ ಏನೂ ಹೇಳಲಿಲ್ಲ. ಮೊದಲ ಮೊಟ್ಟೆ ಬಂದ ದಿನ ಅದನ್ನು ಅಡುಗೆಮನೆಯ ತಕ್ಕಡಿಯಲ್ಲಿ ಇಟ್ಟರು. 30 ಗ್ರಾಂ. ಅಂಗಡಿಯ ಮೊಟ್ಟೆಯನ್ನೂ ಇಟ್ಟರು. 55. "ನಿನ್ನ ಕೋಳಿ ಎರಡು ದಿನ ಕಷ್ಟಪಟ್ಟರೆ ಒಂದು ಆಮ್ಲೆಟ್ ಆಗ್ತದೆ ಮಗಾ" ಎಂದರು. ಲಾಭದ ಲೆಕ್ಕದಲ್ಲಿ ಅಜ್ಜಿಯ ಮಾತಿಗೆ ಎದುರುತ್ತರ ಇಲ್ಲ. ದಿನಕ್ಕೆ ಒಂದು ಕೋಳಿ ತಿನ್ನುವುದು ಸುಮಾರು 50 ಗ್ರಾಂ ಮಾತ್ರ ಎಂದು ಹೇಳಿ ನೋಡಿದೆ. "ತಿನ್ನದಿದ್ದರೆ ಇಡುವುದು ಹೇಗೆ?" ಎಂದರು.

ಸಾಕುವುದರಲ್ಲಿ ನಿಜವಾದ ಕೆಲಸ ಇರುವುದು ಗೂಡಿನಲ್ಲಿ. ಆಹಾರ ಯಾರು ಬೇಕಾದರೂ ಹಾಕಬಹುದು. ನಮ್ಮ ಊರಿನ ಮಳೆಯಲ್ಲಿ, ಹೊಟ್ಟೆ ನೆಲಕ್ಕೆ ತಾಗುವ ಕೋಳಿಯನ್ನು ಒಣಗಿದ ಜಾಗದಲ್ಲಿ ಇಡುವುದೇ ಕಷ್ಟ. ನಾಟಿ ಕೋಳಿ ಕೆಸರಿನಲ್ಲಿ ನಡೆದು ಬಂದು ರೆಕ್ಕೆ ಕೊಡವಿದರೆ ಮುಗಿಯಿತು. ಚಾಬೋ ಕೆಸರಿಗೆ ಇಳಿದರೆ ಎದೆಯ ಗರಿಗಳೆಲ್ಲ ಒದ್ದೆಯಾಗಿ, ಚಳಿ ಹಿಡಿದು, ಮೂಲೆಯಲ್ಲಿ ಉಬ್ಬಿ ಕೂರುತ್ತದೆ. ಅಂಗಡಿಯವರು ಕೊಟ್ಟ ಕಬ್ಬಿಣದ ಪಂಜರದ ನೆಲವೂ ತಂತಿಯದ್ದೇ. ಆ ಗಿಡ್ಡ ಕಾಲಿಗೆ ಅದು ಹೊಂದುವುದಿಲ್ಲ ಎಂದು ನೋಡಿದ ಕೂಡಲೇ ಉಪ್ಪ ಹೇಳಿದರು. ಎರಡು ಆದಿತ್ಯವಾರ ಕೂತು ನಾವಿಬ್ಬರೂ ಗೂಡು ಕಟ್ಟಿದೆವು.

ನಾಲ್ಕು ಮೂಲೆಗೆ ಕೆಂಪು ಕಲ್ಲು ಪೇರಿಸಿ ನೆಲವನ್ನು ಎರಡು ಅಡಿ ಎತ್ತರಿಸಿದೆವು. ಹಳೆಯ ಅಡಿಕೆ ಮರ ಸೀಳಿದ ಪಟ್ಟಿಗಳನ್ನು ಹತ್ತಿರ ಹತ್ತಿರ ಹೊಡೆದು ನೆಲ ಮಾಡಿದೆವು. ಅಳತೆ ನಾಲ್ಕು ಅಡಿ ಉದ್ದ, ಮೂರು ಅಡಿ ಅಗಲ. ಒಂದು ಬ್ಯಾಂಟಂಗೆ ಒಳಗೆ ಎರಡು ಚದರ ಅಡಿ, ಹೊರಗೆ ಓಡಾಡಲು ನಾಲ್ಕು ಚದರ ಅಡಿಯಾದರೂ ಬೇಕು ಎಂಬ ಲೆಕ್ಕದಲ್ಲಿ ಐದಾರು ಕೋಳಿಗೆ ಇದು ಸಾಕು. ಬಲೆಯ ವಿಷಯದಲ್ಲಿ ಮಾತ್ರ ಹಣ ಉಳಿಸಲು ನಾನು ಒಪ್ಪಲಿಲ್ಲ. ಅಂಗಡಿಯಲ್ಲಿ ಕೋಳಿ ಬಲೆ ಎಂದು ಮಾರುವ ತೆಳು ಬಲೆ ಕೋಳಿ ಹೊರಗೆ ಹೋಗದಂತೆ ತಡೆಯುತ್ತದೆ ಅಷ್ಟೇ, ಒಳಗೆ ಬರುವವರನ್ನು ತಡೆಯುವುದಿಲ್ಲ. ನಮ್ಮ ತೋಟದಲ್ಲಿ ಹಗಲಿಗೆ ಮುಂಗುಸಿ, ರಾತ್ರಿಗೆ ಕಾಡುಬೆಕ್ಕು, ಮೊಟ್ಟೆಯ ವಾಸನೆಗೆ ಕೇರೆ ಹಾವು. ಅರ್ಧ ಇಂಚಿನ ಬೆಸುಗೆ ಬಲೆಯನ್ನೇ ತಂದು ಸುತ್ತ ಹೊಡೆದೆವು. ಓಡಾಡುವ ಜಾಗದ ಸುತ್ತ ಬಲೆಯನ್ನು ನೆಲದ ಮೇಲೆ ಒಂದು ಅಡಿ ಹೊರಕ್ಕೆ ಮಡಚಿ ಮಣ್ಣು ಮುಚ್ಚಿದೆವು. ಮುಂಗುಸಿ ಗೋಡೆಯ ಬುಡದಲ್ಲೇ ತೋಡಲು ನೋಡುತ್ತದೆ. ಒಂದು ಅಡಿ ಹಿಂದೆ ಹೋಗಿ ತೋಡುವಷ್ಟು ಯೋಚನೆ ಅದಕ್ಕೆ ಇದುವರೆಗೆ ಬಂದಿಲ್ಲ.

ಮಾಡಿಗೆ ತಗಡು, ಅದರ ಮೇಲೆ ಹೆಣೆದ ತೆಂಗಿನ ಮಡಲು. ಬರೀ ತಗಡಾದರೆ ಎಪ್ರಿಲ್‌ನಲ್ಲಿ ಒಳಗೆ ಒಲೆ, ಜೂನ್‌ನಲ್ಲಿ ಚೆಂಡೆ. ಮಳೆ ಓರೆಯಾಗಿ ಬಡಿಯುವ ನೈಋತ್ಯ ದಿಕ್ಕಿಗೆ ಮಾಡನ್ನು ಎರಡು ಅಡಿ ಮುಂದೆ ಚಾಚಿದೆವು. ಗಾಳಿಗೆ ಮಾಡಿನ ಕೆಳಗೇ ಉದ್ದಕ್ಕೆ ಬಲೆಯ ಕಿಂಡಿ ಬಿಟ್ಟೆವು. ಮಳೆಗೆ ಹೆದರಿ ಎಲ್ಲವನ್ನೂ ಪ್ಲಾಸ್ಟಿಕ್ ಹಾಕಿ ಮುಚ್ಚುವವರಿದ್ದಾರೆ. ಆಗ ಹಿಕ್ಕೆಯ ಅಮೋನಿಯಾ ಒಳಗೇ ನಿಂತು ಕೋಳಿಗೆ ಕಣ್ಣುರಿ, ಕಫ ಶುರುವಾಗುತ್ತದೆ. ಬೆಳಿಗ್ಗೆ ಬಾಗಿಲು ತೆರೆದು ಮೊಣಕಾಲೂರಿ ಮುಖವನ್ನು ಕೋಳಿಯ ಎತ್ತರಕ್ಕೆ ಇಟ್ಟು ಉಸಿರು ಎಳೆಯುತ್ತೇನೆ. ನನ್ನ ಕಣ್ಣು ಚುರುಗುಟ್ಟಿದರೆ ಅವತ್ತೇ ಉಮಿ ಬದಲಿಸಬೇಕು. ನಿಂತು ಮೂಸಿದರೆ ಗೊತ್ತಾಗುವುದಿಲ್ಲ, ಅವು ಮಲಗುವುದು ನಮ್ಮ ಮೂಗಿನ ಎತ್ತರದಲ್ಲಿ ಅಲ್ಲವಲ್ಲ.

ಕೂರುವ ಕೋಲು ನೆಲದಿಂದ ಎಂಟು ಇಂಚು ಮಾತ್ರ. ಗೂಡಿಗೆ ಹತ್ತಲು ಅಡ್ಡಪಟ್ಟಿ ಹೊಡೆದ ಇಳಿಜಾರು ಹಲಗೆ. ಒಂದು ಮೂಲೆಯಲ್ಲಿ ಹಳೆಯ ಬೇಸಿನ್, ಅದರಲ್ಲಿ ಒಲೆಯ ಬೂದಿ ಮತ್ತು ಒಣ ಮರಳು. ಅದರಲ್ಲಿ ಹೊರಳಿದರೆ ಹೇನಿನ ಕಾಟ ಕಡಿಮೆ. ಮೊಟ್ಟೆಯ ಚಿಪ್ಪು ಗಟ್ಟಿಯಾಗಲು ಉಮ್ಮ ಮರುವಾಯಿ ಸಾರು ಮಾಡಿದ ದಿನ ಚಿಪ್ಪುಗಳನ್ನು ಎತ್ತಿಟ್ಟು, ತೊಳೆದು ಒಣಗಿಸಿ ಕುಟ್ಟಿ ಹಾಕುತ್ತೇನೆ.

ಕೂಗಿನ ವಿಷಯ ಹೇಳಲೇಬೇಕು. ದೇಹ ಅರ್ಧ ಕಿಲೋ ಆದರೂ ದನಿ ಎರಡು ಕಿಲೋದ್ದು, ಅದೂ ಕೀರಲು. ಸುಬ್ಹಿ ಬಾಂಗಿಗೂ ಮೊದಲೇ ಅವನು ಶುರು ಮಾಡುತ್ತಿದ್ದ. ನಮ್ಮ ಮನೆಯವರು ಏಳುವ ಹೊತ್ತೇ ಆದ್ದರಿಂದ ನಮಗೆ ತೊಂದರೆ ಇಲ್ಲ. ಆದರೆ ಹಿಂದಿನ ಮನೆಯಲ್ಲಿ ಎರಡು ತಿಂಗಳ ಮಗು. ಆ ಮನೆಯ ಅಕ್ಕ ಬೇಲಿಯ ಹತ್ತಿರ ಬಂದು, "ನಿನ್ನ ಹುಂಜ ಒಂದು ಗಂಟೆ ತಡವಾಗಿ ಏಳುವ ಹಾಗೆ ಏನಾದರೂ ಮಾಡ್ಲಿಕ್ಕೆ ಆಗ್ತದಾ?" ಎಂದು ಮೆಲ್ಲಗೆ ಕೇಳಿದರು. ಜಗಳ ಮಾಡಿದ್ದರೆ ಉತ್ತರ ಕೊಡಬಹುದಿತ್ತು. ಕತ್ತಲಲ್ಲಿ ಇಟ್ಟರೆ ಕೂಗುವುದಿಲ್ಲ ಎಂದು ಎಲ್ಲರೂ ಹೇಳುತ್ತಾರೆ. ಆದರೆ ಜಪಾನಿನ ನಗೋಯಾ ವಿಶ್ವವಿದ್ಯಾಲಯದ ಸಂಶೋಧಕರು 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಬೆಳಕು ಬದಲಾಗದೆ ಸದಾ ಮಂದವಾಗಿದ್ದ ಕೋಣೆಯಲ್ಲೂ ಹುಂಜಗಳು ಬೆಳಗಿನ ಜಾವದ ಹೊತ್ತಿಗೇ ಕೂಗುತ್ತಿದ್ದವು. ಗಡಿಯಾರ ಅವುಗಳ ಒಳಗೇ ಇದೆ. 2015ರಲ್ಲಿ ಅದೇ ತಂಡ ಇನ್ನೊಂದು ವಿಷಯ ತೋರಿಸಿತು: ಗುಂಪಿನಲ್ಲಿ ಮೊದಲು ಕೂಗುವುದು ಮೇಲಿನ ಸ್ಥಾನದ ಹುಂಜ, ಉಳಿದವು ಅವನ ನಂತರ ಸರದಿಯಂತೆ. ಅಂದರೆ ಕತ್ತಲೆಯಿಂದ ಅವನನ್ನು ಮೋಸ ಮಾಡಲಾಗದು, ದನಿಯನ್ನು ತಗ್ಗಿಸಬಹುದು ಅಷ್ಟೇ. ಹಲಗೆಯ ಪೆಟ್ಟಿಗೆಯೊಂದಕ್ಕೆ ಒಳಗಿನಿಂದ ಹಳೆಯ ಕಂಬಳಿ ಹೊಡೆದು, ಗಾಳಿಗೆ ತೂತು ಬಿಟ್ಟು, ರಾತ್ರಿ ಅವನನ್ನು ಅದರಲ್ಲಿ ಹಾಕಿ ಸೌದೆ ಕೊಟ್ಟಿಗೆಯಲ್ಲಿ ಇಡತೊಡಗಿದೆ. ಈಗಲೂ ಕೂಗುತ್ತಾನೆ, ಬಾವಿಯ ಒಳಗಿನಿಂದ ಕೂಗಿದಂತೆ. ಮಗು ಮಲಗುತ್ತದೆ.

ಲಸಿಕೆಯಿಂದಾಗಿ ನೆರೆಹೊರೆಯವರೆಲ್ಲ ನಮಗೆ ಇನ್ನೂ ಹತ್ತಿರವಾದರು. ರಾಣಿಖೇತ್ ರೋಗ ಬಂದರೆ ಒಂದು ಕೇರಿಯ ಕೋಳಿಗಳೆಲ್ಲ ವಾರದೊಳಗೆ ಮಲಗಿಬಿಡಬಹುದು. ಮರಿಗಳಿಗೆ ಮೊದಲ ವಾರದಲ್ಲೇ ಕಣ್ಣಿಗೆ ಹನಿ, ಎಂಟು ವಾರದ ಹೊತ್ತಿಗೆ ರೆಕ್ಕೆಯ ಹತ್ತಿರ ಸೂಜಿ ಹಾಕಿಸಬೇಕು. ತೊಂದರೆ ಏನೆಂದರೆ ಲಸಿಕೆಯ ಒಂದು ಶೀಶೆಯಲ್ಲಿ ನೂರಕ್ಕೂ ಹೆಚ್ಚು ಕೋಳಿಗೆ ಆಗುವಷ್ಟು ಇರುತ್ತದೆ, ಕಲಸಿದ ಮೇಲೆ ಬೇಗ ಮುಗಿಸಬೇಕು, ಮಂಜುಗಡ್ಡೆಯ ಮೇಲೇ ಇರಬೇಕು. ಐದು ಕೋಳಿ ಇರುವವರು ಏನು ಮಾಡುವುದು? ನಾನು ಮನೆ ಮನೆಗೆ ಹೋಗಿ ಹೇಳಿ ಬಂದೆ. ಒಂದು ಶನಿವಾರ ಬೆಳಿಗ್ಗೆ ಬುಟ್ಟಿಯಲ್ಲಿ, ಗೋಣಿಯಲ್ಲಿ, ಒಬ್ಬರು ಸ್ಕೂಟರಿನ ಡಿಕ್ಕಿಯಲ್ಲಿ ಕೋಳಿ ತಂದರು. ಅಂಕದ ಜೋಕಿನ ಅಣ್ಣನೂ ತನ್ನ ಎರಡು ಹುಂಜಗಳನ್ನು ಕಂಕುಳಲ್ಲಿ ಇರುಕಿಕೊಂಡು ಬಂದು ಸಾಲಿನಲ್ಲಿ ನಿಂತಿದ್ದರು. ಲೆಕ್ಕ 60 ದಾಟಿತ್ತು. ಉಮ್ಮ ಎಲ್ಲರಿಗೂ ಚಹಾ ಮಾಡಿ ಸುಸ್ತಾದರು.

ಇನ್ನು ಕಾವಿಗೆ ಬರುತ್ತೇನೆ. ಇಷ್ಟೆಲ್ಲ ಬರೆದದ್ದು ಇದಕ್ಕಾಗಿಯೇ.

ಬ್ಯಾಂಟಂ ಹೇಂಟೆಗಳು ಕಾವು ಕೂರುವುದರಲ್ಲಿ ಹೆಸರುವಾಸಿ. ನಮ್ಮವಳು ಎಂಟು ಮೊಟ್ಟೆ ಇಟ್ಟ ಮೇಲೆ ಗೂಡಿನ ಮೂಲೆಯಿಂದ ಏಳಲಿಲ್ಲ, ಕೈ ಹಾಕಿದರೆ ಗುರ್ ಎಂದು ಕುಕ್ಕಿದಳು. ಏಳನೇ ರಾತ್ರಿ ಮೊಬೈಲಿನ ಟಾರ್ಚಿಗೆ ಅಂಗೈ ಮುಚ್ಚಿ, ಬೆರಳ ಸಂದಿಯಲ್ಲಿ ಒಂದೊಂದೇ ಮೊಟ್ಟೆ ಇಟ್ಟು ನೋಡಿದೆ. ಜೀವ ಇದ್ದರೆ ಜೇಡರ ಬಲೆಯಂತೆ ಕೆಂಪು ನರಗಳು, ನಡುವೆ ಅಲುಗುವ ಕಪ್ಪು ಚುಕ್ಕೆ ಕಾಣುತ್ತದೆ. ಐದರಲ್ಲಿ ಕಂಡಿತು. ಒಂದು ಬರೀ ಹಳದಿ, ಅದು ಫಲಿತವಾಗಿರಲಿಲ್ಲ. ಉಳಿದ ಎರಡರಲ್ಲಿ ನರಗಳಿಲ್ಲ, ಚಿಪ್ಪಿನ ಒಳಗೆ ತೆಳ್ಳಗಿನ ರಕ್ತದ ಉಂಗುರ ಮಾತ್ರ. ಶುರುವಾಗಿ ನಿಂತುಹೋದ ಜೀವದ ಗುರುತು ಅದು. ಇಪ್ಪತ್ತನೇ ದಿನ ಐದು ಮರಿ ಹೊರಬಂದವು. ಎರಡು ವಾರ ಕಳೆಯುವಾಗ ಮೂರರ ಕಾಲು ಗಿಡ್ಡ, ಎರಡರ ಕಾಲು ಸಾಮಾನ್ಯ ಎಂದು ಗೊತ್ತಾಯಿತು. ಎರಡನೇ ಸಲವೂ ಎಂಟು ಮೊಟ್ಟೆ, ಮತ್ತೆ ಎರಡು ಉಂಗುರ.

ಉಂಗುರದ ಫೋಟೋವನ್ನು ನಮ್ಮ ಜೀವಶಾಸ್ತ್ರ ಮೇಡಂಗೆ ತೋರಿಸಿದೆ. ಅವರು ಉತ್ತರ ಹೇಳಲಿಲ್ಲ. ಬೋರ್ಡಿನಲ್ಲಿ ಒಂದು ಪನ್ನೆಟ್ ಚೌಕ ಬರೆದು, "ಒಂದು ಮನೆಯನ್ನು ಅಳಿಸಿ ನೋಡು" ಎಂದರು. ಆಮೇಲೆ ಓದಿ ತಿಳಿದೆ. ಚಾಬೋವನ್ನು ಗಿಡ್ಡ ಮಾಡುವ ಜೀನಿಗೆ ಕ್ರೀಪರ್ ಎಂದು ಹೆಸರು. ಅದು ಒಂದು ಪ್ರತಿ ಇದ್ದರೆ ಕಾಲು ಗಿಡ್ಡ. ತಂದೆಯಿಂದ ಒಂದು, ತಾಯಿಯಿಂದ ಒಂದು ಎಂದು ಎರಡು ಪ್ರತಿ ಬಂದರೆ ಭ್ರೂಣ ಬದುಕುವುದಿಲ್ಲ, ಹೆಚ್ಚಿನವು ಕಾವಿನ ಮೊದಲ ಕೆಲವು ದಿನಗಳಲ್ಲೇ ಸಾಯುತ್ತವೆ. ಹಾಗಾಗಿ ಅಂಗಳದಲ್ಲಿ ಓಡಾಡುವ ಪ್ರತಿ ಗಿಡ್ಡ ಕಾಲಿನ ಚಾಬೋದ ಒಳಗೂ ಒಂದು ಉದ್ದ ಕಾಲಿನ ಜೀನ್ ಇದ್ದೇ ಇದೆ. ಅದು ಇರುವುದರಿಂದಲೇ ಅದು ಬದುಕಿದೆ. ನಾವು ಪರೀಕ್ಷೆಗೆ ಬಟಾಣಿ ಗಿಡದ ಮೇಲೆ ಬರೆಯುವ 1:2:1 ಇಲ್ಲಿ 2:1 ಆಗುತ್ತದೆ, ಕಾಣೆಯಾದ ಒಂದು ಭಾಗ ಟಾರ್ಚಿನ ಬೆಳಕಿನಲ್ಲಿ ಉಂಗುರವಾಗಿ ಕಾಣುತ್ತದೆ. ನನ್ನ ಹದಿನಾರು ಮೊಟ್ಟೆಯಿಂದ ಏನೂ ಸಾಬೀತಾಗದು. ಪುಸ್ತಕದ ಲೆಕ್ಕಕ್ಕೆ ಅದು ಹತ್ತಿರ ಬಂತು ಎನ್ನಬಹುದು ಅಷ್ಟೇ.

ಇದನ್ನು ಕ್ಯಾಂಟೀನಿನಲ್ಲಿ ಹೇಳಿದಾಗ ಗೆಳತಿಯರ ನಡುವೆ ದೊಡ್ಡ ವಾದವೇ ಆಯಿತು. ಒಬ್ಬಳು, "ನಾಲ್ಕು ದಿನದ ಭ್ರೂಣಕ್ಕೆ ಇಷ್ಟು ಬೇಜಾರು ಮಾಡ್ತೀಯಲ್ಲ, ನಿನ್ನೆ ಚಿಕನ್ ಬಿರಿಯಾನಿ ತಿನ್ನುವಾಗ ಇದು ನೆನಪಾಗಲಿಲ್ಲವಾ?" ಎಂದಳು. ನ್ಯಾಯವಾದ ಪ್ರಶ್ನೆ. ನಮ್ಮ ಮನೆಯಲ್ಲಿ ಕೋಳಿ ಸಾರು ಆಗುತ್ತದೆ. ಹುಟ್ಟುವ ಮರಿಗಳಲ್ಲಿ ಅರ್ಧ ಹುಂಜಗಳೇ ಇರುವುದರಿಂದ ನಾನು ಸಾಕಿದ ಒಂದೆರಡು ಕೂಡ ಬಿಸ್ಮಿ ಹೇಳಿಸಿಕೊಂಡು ಅಡುಗೆಮನೆಗೆ ಹೋಗಿವೆ. ಅದರ ಬಗ್ಗೆ ನಾನು ನಾಟಕ ಮಾಡುವುದಿಲ್ಲ. ಆದರೆ ತಿನ್ನಲು ಕೊಯ್ಯುವುದು ಬೇರೆ. ನಾಲ್ಕರಲ್ಲಿ ಒಂದು ಸಾಯುತ್ತದೆ ಎಂದು ಮೊದಲೇ ಗೊತ್ತಿದ್ದೂ, ನೋಡಲು ಚಂದ ಎಂಬ ಒಂದೇ ಕಾರಣಕ್ಕೆ ಆ ಜೋಡಿಯನ್ನೇ ಕಟ್ಟುವುದು ಬೇರೆ. ಇನ್ನೊಬ್ಬಳು ಕೇಳಿದ್ದು ಇನ್ನೂ ಕಠಿಣ: "ಹಾಗಾದರೆ ಬದುಕಿದ ಗಿಡ್ಡದ್ದಕ್ಕೆ ಕೆಸರಿನಲ್ಲಿ ನಡೆಯಲು ಆಗುವುದಿಲ್ಲವಲ್ಲ, ಅದು?" ಅದಕ್ಕೆ ನನ್ನ ಬಳಿ ಇರುವ ಉತ್ತರ ಗೂಡು ಮಾತ್ರ. ಗಿಡ್ಡ ಮಾಡಿದವರು ಮನುಷ್ಯರೇ ಆದ ಮೇಲೆ ಒಣ ನೆಲ ಕೊಡುವ ಜವಾಬ್ದಾರಿಯೂ ಮನುಷ್ಯರದ್ದೇ.

ಆ ಹೊತ್ತಿಗೆ ಅಂಗಡಿಯವರ ಫೋನು ಬಂತು. ಗಿಡ್ಡ ಕಾಲಿನ ಮರಿಗಳು ಎಷ್ಟಿದ್ದರೂ ತೆಗೆದುಕೊಳ್ಳುತ್ತಾರಂತೆ, ಒಳ್ಳೆಯ ಬೆಲೆ. ಉದ್ದ ಕಾಲಿನದ್ದು ಮಾತ್ರ ಬೇಡ. "ಗಿಡ್ಡಕ್ಕೆ ಗಿಡ್ಡವನ್ನೇ ಹಾಕಿ, ಆಗ ಜಾಸ್ತಿ ಗಿಡ್ಡ ಬರ್ತದೆ" ಎಂದು ಸಲಹೆಯನ್ನೂ ಕೊಟ್ಟರು. ಸಿಇಟಿ ಪುಸ್ತಕಗಳಿಗೆ ಹಣ ಬೇಕಿತ್ತು, ಸುಳ್ಳು ಯಾಕೆ ಹೇಳಲಿ. ಆ ರಾತ್ರಿ ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ ಲೆಕ್ಕ ಹಾಕಿದೆ.

ಎಲ್ಲವೂ ಫಲಿತವಾದ ನೂರು ಮೊಟ್ಟೆ ಎಂದುಕೊಳ್ಳಿ. ಗಿಡ್ಡಕ್ಕೆ ಗಿಡ್ಡ ಹಾಕಿದರೆ ಸರಾಸರಿ 25 ಒಳಗೇ ಸಾಯುತ್ತವೆ, 50 ಗಿಡ್ಡ, 25 ಉದ್ದ. ಗಿಡ್ಡಕ್ಕೆ ಉದ್ದ ಹಾಕಿದರೆ 50 ಗಿಡ್ಡ, 50 ಉದ್ದ, ಈ ಜೀನಿನಿಂದ ಸಾಯುವುದು ಒಂದೂ ಇಲ್ಲ. ಎರಡು ಸಲ ಕೂಡಿಸಿ ಕಳೆದು ನೋಡಿದೆ. ಗಿಡ್ಡ ಮರಿಗಳ ಸಂಖ್ಯೆ ಎರಡರಲ್ಲೂ 50! ಆ 25 ಸಾವಿನಿಂದ ಒಂದೇ ಒಂದು ಗಿಡ್ಡ ಮರಿಯೂ ಹೆಚ್ಚು ಸಿಗುವುದಿಲ್ಲ. ಸಿಗುವ ಲಾಭ ಇಷ್ಟೇ: ಮಾರಲಾಗದ ಉದ್ದ ಕಾಲಿನ 25 ಮರಿಗಳಿಗೆ ಮೇವು ಹಾಕುವ ಖರ್ಚು ಉಳಿಯುತ್ತದೆ. ಅಂಗಡಿಯವರಿಗೆ ಫೋನಿನಲ್ಲೇ ಇದನ್ನು ವಿವರಿಸಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ನೀವು ಯಾವ ಕಾಲೇಜು?" ಎಂದು ಕೇಳಿದರು. ಒಪ್ಪಿದರೋ ಇಲ್ಲವೋ ಗೊತ್ತಿಲ್ಲ. ಮರಿ ತೆಗೆದುಕೊಳ್ಳುತ್ತೇನೆ ಎಂದಿದ್ದಾರೆ.

ಈಗ ಗೂಡಿಗೆ ನಡುವೆ ಬಲೆಯ ಗೋಡೆ ಬಂದಿದೆ. ಮೊದಲ ಮರಿಗಳಲ್ಲಿ ಉದ್ದ ಕಾಲಿನ ಹೇಂಟೆಯೊಂದು ಬೆಳೆದು ಮೊಟ್ಟೆ ಇಡುತ್ತಿದೆ. ಅಜ್ಜಿಗೆ ಅವಳೇ ಇಷ್ಟ, "ಇದು ಕೋಳಿಯ ಹಾಗೆ ಕೆದರುತ್ತದೆ" ಎನ್ನುತ್ತಾರೆ. ತಂದೆಗೆ ಮಗಳನ್ನೇ ಜೋಡಿ ಮಾಡಿದರೆ ಬೇರೆ ತೊಂದರೆಗಳು ಬರುತ್ತವೆ. ಅದಕ್ಕೆ ಮಾಮನ ಊರಿನ ಸಾಕಣೆಗಾರರೊಬ್ಬರಿಗೆ ನನ್ನ ಹುಂಜನನ್ನು ಕೊಟ್ಟು ಅವರ ಗಿಡ್ಡ ಹುಂಜನನ್ನು ಬದಲಿಗೆ ತಂದೆ. ಪಂಜರದಲ್ಲಿ ಬಸ್ಸಿನಲ್ಲಿ ಬರುವಾಗ ದಾರಿಯುದ್ದಕ್ಕೂ ಕೂಗಿದ, ಕಂಡಕ್ಟರ್ ಅವನಿಗೂ ಟಿಕೆಟ್ ಕೊಡುತ್ತೇನೆಂದು ಹೆದರಿಸಿದರು. ಹಲಗೆಯ ಪೆಟ್ಟಿಗೆಗೆ ಇವನು ಎರಡನೇ ರಾತ್ರಿಯೇ ಒಗ್ಗಿಕೊಂಡ.

ಉದ್ದ ಕಾಲಿನವಳಿಗೆ ಇನ್ನೂ ಕಾವಿನ ಮನಸ್ಸು ಬಂದಿಲ್ಲ. ಹಳೆಯ ಗಿಡ್ಡ ಹೇಂಟೆ ಮಾತ್ರ ಎಂದಿನಂತೆ ಖಾಲಿ ಮೂಲೆಯಲ್ಲೇ ಹಠ ಹಿಡಿದು ಕೂತಿದ್ದಳು. ಮಗಳ ಒಂಬತ್ತು ಮೊಟ್ಟೆಗಳನ್ನು ಕತ್ತಲಾದ ಮೇಲೆ ಅವಳ ಅಡಿಗೆ ಸರಿಸಿದೆ. ಕೊಕ್ಕಿನಿಂದ ಒಂದೊಂದನ್ನೇ ಹೊಟ್ಟೆಯ ಕೆಳಗೆ ಎಳೆದುಕೊಂಡಳು. ಮೊನ್ನೆ ಏಳನೇ ರಾತ್ರಿ. ಟಾರ್ಚ್ ಹಿಡಿಯಲು ಅಜ್ಜಿಯೂ ಬಂದಿದ್ದರು. ಒಂದು ಮೊಟ್ಟೆ ಖಾಲಿ. ಎಂಟರಲ್ಲಿ ನರಗಳು, ಎಂಟರಲ್ಲೂ ಚುಕ್ಕೆ ಅಲುಗುತ್ತಿತ್ತು. ಉಂಗುರ ಒಂದೂ ಇಲ್ಲ. ಮರಿ ಹೊರಬರುವುದು ಭೌತಶಾಸ್ತ್ರ ಇಂಟರ್ನಲ್ ಪರೀಕ್ಷೆಯ ವಾರದಲ್ಲಿ, ಇನ್ಶಾ ಅಲ್ಲಾಹ್. ಆ ದಿನಗಳಲ್ಲಿ ಮರಿಗಳಿಗೆ ನುಚ್ಚು ಹಾಕುವ ಕೆಲಸವನ್ನು ಅಜ್ಜಿ ಒಪ್ಪಿಕೊಂಡಿದ್ದಾರೆ.